ದಾಳಕ್ಕೆ ಸಿಗದ ಮುದುಕಿ

ಕಾಪುವಿನ ದೀಪಸ್ತಂಭಕ್ಕೆ ಉಡುಪಿಯಲ್ಲಿ ಒಬ್ಬ ಮಾಲೀಕರಿದ್ದರು ಎಂದರೆ ಈಗಿನವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಮಾಲೀಕರ ಪುಸ್ತಕದಂಗಡಿಯಲ್ಲಿ ಮರದ ಸ್ಟೂಲಿನ ಮೇಲೆ ಕುಳಿತು, ದೀಪಸ್ತಂಭವನ್ನು ಕಥೆಯೊಳಗೆ ತರಬೇಕಾದರೆ ತಮ್ಮ ಪರವಾನಗಿ ಬೇಕು ಎಂದು ಅವರು ಹೇಳಿದ್ದನ್ನು ನಾನು ಈ ಎರಡು ಕಿವಿಗಳಿಂದ ಕೇಳಿದ್ದೇನೆ. ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ ಗೆಳತಿ ಕಾಪುವಿನವಳು. ಕತ್ತಲಾದ ಮೇಲೆ ಆ ದೀಪದ ಬೆಳಕು ಅವಳ ಮನೆಯ ಅಡುಗೆಕೋಣೆಯ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು.

ಅವರು ಈಗ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಅವರ ಮುಖದ ಮೇಲೆ ಆಡಿದ್ದನ್ನೇ ಈಗಲೂ ಆಡುತ್ತಿದ್ದೇನೆ, ಆದ್ದರಿಂದ ನನಗೆ ದೋಷ ತಟ್ಟಲಾರದು. ತಟ್ಟಿದರೂ ಚಿಂತೆಯಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾನು ಬನ್ನಂಜೆಯಲ್ಲಿ ಒಂದು ಟೈಪಿಂಗ್ ಶಾಲೆಯಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿಸುತ್ತಿದ್ದೆ. ಮನೆ ಅಲೆವೂರು. ಕನ್ನಡ ಟೈಪಿಂಗ್ ಕಲಿಸುತ್ತಿದ್ದವಳು ಈ ಗೆಳತಿ. ಬ್ಯಾರಿ ಮನೆತನದ ಹುಡುಗಿ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಕಾಪುವಿನಿಂದ ಕಟಪಾಡಿ ದಾಟಿ ಬರುವ ಬಸ್ಸಿನಲ್ಲಿ ಜನರ ಮೊಣಕೈ ತಿಂದುಕೊಂಡು ಬಂದರೂ, ಕೀಲಿಮಣೆಯ ಮುಂದೆ ಕುಳಿತರೆ ಅವಳ ಬೆರಳು ಒಂದು ಅಕ್ಷರವನ್ನೂ ತಪ್ಪುತ್ತಿರಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರ ಇತ್ತು. ಮೇಣದ ಹಾಳೆಯ ಮೇಲೆ ಟೈಪ್ ಮಾಡಿ, ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿದರೆ ಬೇಕಾದಷ್ಟು ಪ್ರತಿ ಬರುತ್ತಿತ್ತು. ಪ್ರಶ್ನೆಪತ್ರಿಕೆ, ಸೊಸೈಟಿಯ ನೋಟೀಸು, ಭಜನಾ ಮಂಡಳಿಯ ಕರಪತ್ರ ಎಲ್ಲವೂ ಅಲ್ಲಿಂದಲೇ ಹೋಗುತ್ತಿದ್ದವು. ಸಂಜೆ ಮನೆಗೆ ಹೋದಾಗ ನಮ್ಮಿಬ್ಬರ ಉಗುರಿನ ಸಂದಿಯಲ್ಲೂ ಮಸಿ ಇರುತ್ತಿತ್ತು.

ಊರಿಗೆಲ್ಲ ಮಾಸ್ಟ್ರು ಎನಿಸಿಕೊಂಡಿದ್ದ ಆ ಮನುಷ್ಯ ಹಿಂದೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಆಮೇಲೆ ಉಡುಪಿಯಲ್ಲಿ ಪುಸ್ತಕದ ಅಂಗಡಿಯನ್ನೂ ಸಣ್ಣ ಅಚ್ಚುಕೂಟವನ್ನೂ ಇಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಬಿಳಿ ಪಂಚೆ ಉಟ್ಟು ಕುಳಿತಲ್ಲೇ ಕುಳಿತು, ಹಾಡುವ ಭಾಗವತರ ಒಂದು ಪದಕ್ಕೆ ಅರ್ಧ ಗಂಟೆ ಮಾತು ಕಟ್ಟುವವರು. ಎದುರಿನವರ ಬಾಯಿ ಮುಚ್ಚಿಸುವುದರಲ್ಲಿ ಅವರ ಸಮ ಇಲ್ಲ ಎಂಬ ಹೆಸರಿತ್ತು.

ಅವರ ಮನೆಯ ಮಹಡಿಯನ್ನು ಮಣಿಪಾಲದಲ್ಲಿ ಓದುತ್ತಿದ್ದ ಇಬ್ಬರು ವಿದೇಶಿ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಹುಡುಗರು ರಜೆಯ ದಿನ ಗೆಳೆಯರನ್ನು ಕರೆದು ಮೇಜಿನ ಸುತ್ತ ಕುಳಿತು, ತಾವು ಇಂಥ ವೀರ, ಇಂಥ ಕಳ್ಳ ಎಂದುಕೊಂಡು ಮಾತಿನಲ್ಲೇ ಒಂದು ಆಟ ಆಡುತ್ತಿದ್ದರು. ಪರದೇಶದಿಂದ ತಂದ ಒಂದು ಪೆಟ್ಟಿಗೆ, ಒಂದು ನಿಯಮದ ಪುಸ್ತಕ, ಕೆಲವು ದಾಳ. ಒಬ್ಬ ಕಥೆ ಹೇಳುತ್ತಾ ಹೋಗುವುದು: ಈಗ ನೀವು ಒಂದು ಗುಹೆಯ ಬಾಯಲ್ಲಿ ನಿಂತಿದ್ದೀರಿ, ಒಳಗಿಂದ ಗುರುಗುಟ್ಟುವ ಸದ್ದು ಬರುತ್ತಿದೆ, ಏನು ಮಾಡುತ್ತೀರಿ? ಉಳಿದವರು ತಮ್ಮ ಪಾತ್ರದ ಮಾತಿನಲ್ಲಿ ಉತ್ತರ ಕೊಡುವುದು. ನುಗ್ಗುತ್ತೇನೆ ಎಂದವನು ಗೆದ್ದನೋ ಸತ್ತನೋ ಎಂದು ದಾಳ ತೀರ್ಮಾನಿಸುವುದು.

ಬಾಡಿಗೆ ವಸೂಲಿಗೆ ಮಹಡಿ ಹತ್ತಿದ್ದ ಮಾಸ್ಟ್ರು ಬಾಗಿಲಲ್ಲೇ ನಿಂತು ನೋಡಿದರಂತೆ. ಇದು ಹಾಡಿಲ್ಲದ ತಾಳಮದ್ದಳೆ ಎಂದು ಅವರಿಗೆ ಒಂದೇ ನೋಟಕ್ಕೆ ಹೊಳೆಯಿತು. ಅವರು ಬುದ್ಧಿವಂತರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ವರ್ಷ ಕಳೆಯುವುದರೊಳಗೆ ಕನ್ನಡದಲ್ಲಿ ಪೆಟ್ಟಿಗೆ ಬಂತು. ಕಥೆ ಹೇಳುವವನಿಗೆ ಭಾಗವತ ಎಂದು ಹೆಸರಿಟ್ಟರು, ಆಡುವವರಿಗೆ ಅರ್ಥಧಾರಿಗಳು ಎಂದರು. ಕರಾವಳಿಯ ಒಂದು ನಕ್ಷೆ ಬರೆಸಿದರು. ಅದರಲ್ಲಿ ಕಾಪುವಿನ ದೀಪಸ್ತಂಭವೂ ಕಾರ್ಕಳದ ಬಂಡೆಯೂ ಹೆಸರು ಮಾತ್ರ ಬದಲಾಯಿಸಿಕೊಂಡು ಕುಳಿತಿದ್ದವು. ಆ ಪರದೇಶದ ಕಂಪನಿಯವರ ಒಪ್ಪಿಗೆ ಕೇಳಿದ್ದರೇ ಎಂದು ನಾನು ಆಮೇಲೆ ಒಮ್ಮೆ ಕೇಳಿದೆ. "ಅವರದ್ದು ಗುಹೆ, ನಮ್ಮದು ಕಡಲು. ಅವರ ಹತ್ತಿರ ಕೇಳ್ಲಿಕ್ಕೆ ಎಂತ ಉಂಟು?" ಎಂದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಪೆಟ್ಟಿಗೆಯ ಜೊತೆ ಒಂದೇ ಒಂದು ಕಥೆ ಇತ್ತು. ಒಮ್ಮೆ ಆಡಿದರೆ ಮುಗಿಯಿತು, ಎರಡನೆಯ ಸಲ ಆಡಲು ಹೊಸ ಕಥೆ ಬೇಕು. ಮಾಸ್ಟ್ರೊಬ್ಬರೇ ಎಷ್ಟು ಬರೆದಾರು? ಬಿಡುಗಡೆಯ ದಿನ ಸಭೆಯಲ್ಲಿ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದರು: "ನೀವು ಬರೆಯಿರಿ. ನೀವೇ ಅಚ್ಚು ಮಾಡಿ, ನೀವೇ ಮಾರಿ. ನಾನು ಆಟದ ಅಂಗಳ ಗುಡಿಸಿ ಕೊಟ್ಟಿದ್ದೇನೆ, ಕುಣಿಯುವವರು ನೀವು. ಕಥೆ ಯಾರಪ್ಪನ ಮನೆಯ ಸ್ವತ್ತೂ ಅಲ್ಲ." ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಆ ಕಂಠಕ್ಕೆ ಯಾರಾದರೂ ಹೊಡೆಯುತ್ತಿದ್ದರು.

ಹಾಗೆ ನಾವು ಕಥೆ ಪುಸ್ತಕ ಮಾಡುವವರಾದೆವು. ತರಗತಿ ಮುಗಿದ ಮೇಲೆ ಯಂತ್ರದ ಹಿಡಿ ತಿರುಗಿಸಿ, ಹಾಳೆ ಮಡಚಿ, ಪಿನ್ನು ಹೊಡೆದು, ಭಾನುವಾರ ಕಟಪಾಡಿಯ ಫ್ಯಾನ್ಸಿ ಅಂಗಡಿಗೂ ಮಣಿಪಾಲದ ಒಂದೆರಡು ಅಂಗಡಿಗಳಿಗೂ ಕೊಟ್ಟು ಬರುತ್ತಿದ್ದೆವು. ನಾನು ಬರೆದದ್ದು ಅಲೆವೂರಿನ ಒಂದು ಬಾವಿಯ ಕಥೆ. ಸಾಧಾರಣ. ಕಾರ್ಕಳದ ಇಬ್ಬರು ಬ್ಯಾಂಕ್ ಗುಮಾಸ್ತರು ಗುಮ್ಮಟೆಬೆಟ್ಟದ ಕೆಳಗೆ ನಡೆಯುವ ಒಂದು ಕಳ್ಳತನದ ಕಥೆ ಬರೆದಿದ್ದರು. ಚೆನ್ನಾಗಿತ್ತು. ಮಣಿಪಾಲದ ಹಾಸ್ಟೆಲುಗಳಲ್ಲಿ, ಉಡುಪಿಯ ಬ್ಯಾಂಕುಗಳ ಊಟದ ಕೋಣೆಗಳಲ್ಲಿ ಜನ ಆಡಿದರು. ಮಾಸ್ಟ್ರ ಪೆಟ್ಟಿಗೆ ಖರ್ಚಾದದ್ದೇ ನಮ್ಮ ಪುಸ್ತಕಗಳ ದೆಸೆಯಿಂದ. ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು, ಆಗ.

ಗೆಳತಿ ಬಹಳ ದಿನ ಏನೂ ಬರೆಯಲಿಲ್ಲ. ಕೊನೆಗೆ ಬರೆದಳು. ಅದು ಅವಳ ಅಜ್ಜಿಯ ಕಥೆ.

ಅಜ್ಜಿಯ ಗಂಡ ಮಂಗಳೂರಿನ ಹಂಚು ಹೇರಿದ ಮಂಜಿಯಲ್ಲಿ ಹೋದವರು. ಮಂಜಿ ಎಂದರೆ ಸರಕು ಒಯ್ಯುವ ಹಾಯಿಹಡಗು. ಅದು ತಿರುಗಿ ಬರಲಿಲ್ಲ. ಒಡೆದ ಸುದ್ದಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ಗಂಡ ತೀರಿಕೊಂಡರೆ ಹೆಂಗಸು ಇದ್ದತ್ ಕೂರಬೇಕು, ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ. ಊರಿನ ಹಿರಿಯರು ಬಂದು ಇನ್ನು ಕೂತುಬಿಡು ಎಂದರಂತೆ. ಅಜ್ಜಿ ಕೂರಲಿಲ್ಲ. ಕೂತರೆ ಅವರು ಸತ್ತರು ಎಂದು ನಾನೇ ಹೇಳಿದ ಹಾಗೆ ಆಗುತ್ತದೆ ಎಂದುಬಿಟ್ಟರು. ಸಂಜೆ ಹೊತ್ತು ಲಾಟೀನು ಹಿಡಿದು ಕಡಲಬದಿಯಲ್ಲಿ ನಿಲ್ಲತೊಡಗಿದರು. ಅಷ್ಟು ದೊಡ್ಡ ದೀಪಸ್ತಂಭ ಇರುವಾಗ ನಿನ್ನ ಲಾಟೀನು ಯಾರಿಗೆ ಎಂದು ಕೇಳಿದವರಿಗೆ, ಅದು ಎಲ್ಲರ ದೀಪ, ಅವರಿಗೆ ಗುರುತಿರುವುದು ನನ್ನದು ಎನ್ನುತ್ತಿದ್ದರಂತೆ.

ಗೆಳತಿಯ ಆಟದಲ್ಲಿ ಬಿರುಗಾಳಿಯ ಒಂದು ರಾತ್ರಿ ದೀಪಸ್ತಂಭ ಆರಿಹೋಗುತ್ತದೆ, ಕಡಲಲ್ಲಿ ಒಂದು ಮಂಜಿ ಸಿಕ್ಕಿಬಿದ್ದಿದೆ, ದಡದಲ್ಲಿ ಲಾಟೀನು ಹಿಡಿದ ಒಬ್ಬ ಮುದುಕಿ ಇದ್ದಾಳೆ. ಆಡುವವರು ಏನಾದರೂ ಮಾಡಿ ಆ ಹಡಗನ್ನು ದಡಕ್ಕೆ ತರಬೇಕು. ಅದರಲ್ಲಿ ಎರಡು ವಿಶೇಷ ಇತ್ತು. ಒಂದು, ದಾಳದ ಬದಲು ಚೆನ್ನೆಮಣೆಯ ಮಂಜೊಟ್ಟಿ ಕಾಳು. ದಾಳ ಜೂಜಿನ ಸಾಮಾನು, ಅದನ್ನು ಅವಳ ಮನೆಯೊಳಗೆ ತರುವ ಹಾಗಿರಲಿಲ್ಲ. ಆದ್ದರಿಂದ ಬಟ್ಟಲಿನಿಂದ ಒಂದು ಮುಷ್ಟಿ ಕಾಳು ತೆಗೆದು ಎರಡೆರಡಾಗಿ ಸರಿಸಬೇಕು. ಸರಿಯಾಗಿ ಮುಗಿದರೆ ಗೆಲುವು, ಒಂದು ಮಿಕ್ಕಿದರೆ ಸೋಲು. ಇನ್ನೊಂದು, ಕೊನೆಯ ಪುಟದಲ್ಲಿ ಒಂದು ಸಾಲು: "ಮುದುಕಿಗೆ ಯಾವ ದಾಳವೂ ಮುಷ್ಟಿಯೂ ತಾಗುವುದಿಲ್ಲ. ಏನೇ ಆದರೂ ಅವಳು ಸಾಯುವುದಿಲ್ಲ."

ಓದಿ ನನ್ನ ಕಣ್ಣು ಮಂಜಾಯಿತು. ನಾನು ಸುಲಭಕ್ಕೆ ಅಳುವವಳಲ್ಲ.

ಅದನ್ನು ಯಂತ್ರಕ್ಕೆ ಹಾಕುವ ಮೊದಲೇ ಮಾಸ್ಟ್ರು ಎಲ್ಲರನ್ನೂ ಅಂಗಡಿಗೆ ಕರೆಸಿದರು. ಟೀ ತರಿಸಿದರು, ಗೋಳಿಬಜೆ ತರಿಸಿದರು. ಆಮೇಲೆ ಅಚ್ಚಾದ ಒಂದು ಕರಾರುಪತ್ರವನ್ನು ಒಬ್ಬೊಬ್ಬರ ಕೈಗೆ ಕೊಟ್ಟರು. ಇನ್ನು ಮೇಲೆ ಅವರ ಆಟಕ್ಕೆ ಹೊರಗಿನವರು ಕಥೆ ಪುಸ್ತಕ ತರಬೇಕಾದರೆ ಪರವಾನಗಿ ಬೇಕು, ಅವರ ಮೊಹರು ಬೀಳಬೇಕು. ಮೊಹರು ಬೀಳಬೇಕಾದರೆ ಅವರು ಓದಿ ಬೇಕಾದ ಹಾಗೆ ತಿದ್ದುವುದಕ್ಕೆ ಒಪ್ಪಬೇಕು. ಅವರ ಪೆಟ್ಟಿಗೆಯ ದಾಳವನ್ನಲ್ಲದೆ ಬೇರೇನನ್ನೂ ಬಳಸಬಾರದು. ನಕ್ಷೆಯಲ್ಲಿರುವ ಸ್ಥಳಗಳೆಲ್ಲ ಅವರ ಪ್ರಕಾಶನದ ಸ್ವತ್ತು. ನಾವು ಹೊಸದಾಗಿ ಸೃಷ್ಟಿಸಿದ ಪಾತ್ರಗಳೂ ಅಚ್ಚಾದ ದಿನದಿಂದ ಅವರ ಸ್ವತ್ತು. ಪರವಾನಗಿಯನ್ನು ಅವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಕಾರಣ ಹೇಳಬೇಕಾಗಿಲ್ಲ.

"ಕಥೆ ಯಾರಪ್ಪನ ಸ್ವತ್ತೂ ಅಲ್ಲ ಅಂತ ನೀವೇ ಹೇಳಿದ್ದಲ್ವಾ ಸಾರ್?" ಎಂದು ನಾನು ಕೇಳಿದೆ.

"ಹೇಳಿದ್ದೆ. ಕಥೆ ಸ್ವತ್ತಲ್ಲ. ಆದರೆ ಅಂಗಳಕ್ಕೆ ಯಜಮಾನ ಬೇಡ್ವಾ? ಕಂಡಕಂಡವರು ಬಂದು ಕುಣಿದರೆ ಅಂಗಳದ ಸೆಗಣಿ ಎದ್ದು ಹೋಗ್ತದೆ. ನಾಳೆ ಒಬ್ಬ ಅಸಭ್ಯವಾಗಿ ಬರೀತಾನೆ, ಹೆಸರು ಹಾಳಾಗುವುದು ಯಾರದ್ದು? ನನ್ನದು."

"ಅಂಗಳವೂ ನಿಮ್ಮದಲ್ಲ. ಮಹಡಿಯ ಹುಡುಗರದ್ದು."

ಅವರು ನಕ್ಕರು. ಸಿಟ್ಟು ಬಂದಾಗ ನಗುವುದು ಅರ್ಥಧಾರಿಗಳ ಒಂದು ವಿದ್ಯೆ. ಕಾರ್ಕಳದ ಗುಮಾಸ್ತರು ಗೋಳಿಬಜೆ ತಿಂದು, ಬಾಯಿ ಒರೆಸಿಕೊಂಡು, ರುಜು ಹಾಕಿದರು. ನಾನು ಹಾಕಲಿಲ್ಲ. ಗೆಳತಿ ದೀಪಸ್ತಂಭದ ಮಾತು ಬಂದಾಗ ಮಾತ್ರ ತಲೆಯೆತ್ತಿದಳು.

"ದೀಪಸ್ತಂಭ ನಮ್ಮ ಊರಲ್ಲಿ ಉಂಟಲ್ಲ ಸಾರ್?"

"ಊರಲ್ಲಿರುವುದು ಸರಕಾರದ್ದಮ್ಮ. ಕಥೆಯಲ್ಲಿರುವುದು ನನ್ನದು."

"ನಮ್ಮ ಅಡುಗೆಕೋಣೆಗೆ ಬೆಳಕು ಬರ್ತದಲ್ಲ, ಅದು ಯಾರದ್ದು ಸಾರ್?"

ಅವಳು ಕುಚೋದ್ಯಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಮಾಸ್ಟ್ರು ಇನ್ನೊಂದು ಟೀ ತರಿಸಿದರು.

ರುಜು ಹಾಕದಿದ್ದರೆ ಏನಾಗುತ್ತದೆ ಎಂದು ಮುಂದಿನ ವಾರವೇ ಗೊತ್ತಾಯಿತು. ಕಟಪಾಡಿಯ ಅಂಗಡಿಯವರು ನನ್ನ ಬಾವಿಯ ಕಥೆಯ ಕಟ್ಟನ್ನು ಹಾಗೇ ಹಿಂದಕ್ಕೆ ಕೊಟ್ಟರು. ಜೂನ್ ತಿಂಗಳಲ್ಲಿ ಶಾಲೆಯ ಪಠ್ಯಪುಸ್ತಕ, ನೋಟ್ ಪುಸ್ತಕಗಳೆಲ್ಲ ಅವರಿಗೆ ಬರುವುದು ಮಾಸ್ಟ್ರ ಕಡೆಯಿಂದ. "ನಿಮ್ಮ ಬಾವಿಗೆ ಬೇಕಾಗಿ ನಾನು ಬಾವಿಗೆ ಬೀಳ್ಲಿಕ್ಕೆ ಆಗ್ತದಾ ಅಕ್ಕ?" ಎಂದರು ಅವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಸಿಟ್ಟನ್ನೂ ಸೇರಿಸಿ ಮಾಸ್ಟ್ರ ಮೇಲೆ ಇಟ್ಟುಕೊಂಡಿದ್ದೇನೆ.

ಗೆಳತಿಯ ಆಸೆ ಬೇರೆ. ತನ್ನ ಪುಸ್ತಕ ಅಂಗಡಿಯ ಹಲಗೆಯ ಮೇಲೆ ಕೂರಬೇಕು, ಕಾಪುವಿನ ಜನ ಬಸ್ಸಿಗೆ ಕಾಯುವಾಗ ಅದನ್ನು ನೋಡಬೇಕು. ಅದಕ್ಕಾಗಿ ಅವಳು ಒಂದೊಂದೇ ಬಿಟ್ಟುಕೊಟ್ಟಳು. ದೀಪಸ್ತಂಭ ತೆಗೆದಳು. ಮಂಜೊಟ್ಟಿ ತೆಗೆದು ದಾಳ ಹಾಕಿದಳು, ಮನಸ್ಸಿಲ್ಲದ ಮನಸ್ಸಿನಿಂದ. ಮುಖಪುಟದಲ್ಲಿ ಮಾಸ್ಟ್ರ ಹೆಸರು ದೊಡ್ಡದಾಗಿರಲಿ ಎಂದಳು. ನಾನು ಬೇಡವೆಂದೆ, ಜಗಳ ಮಾಡಿದೆ, ಎರಡು ದಿನ ಮಾತು ಬಿಟ್ಟೆ. "ಅಕ್ಕ, ಮುದುಕಿ ಇದ್ದರೆ ಸಾಕು," ಎಂದಳು.

ಮಾಸ್ಟ್ರು ಕೆಂಪು ಪೆನ್ಸಿಲು ಹಿಡಿದು ನಮ್ಮೆದುರೇ ಓದಿದರು. ಕೊನೆಯ ಪುಟಕ್ಕೆ ಬಂದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು.

"ಇದು ಆಗುವುದಿಲ್ಲ. ನನ್ನ ಆಟದಲ್ಲಿ ದಾಳಕ್ಕೆ ಮೀರಿದವರು ಯಾರೂ ಇಲ್ಲ. ರಾಜನಿಗೂ ದಾಳ ಉಂಟು, ದೇವರ ವರ ಇದ್ದವನಿಗೂ ಉಂಟು. ಒಬ್ಬ ಮುದುಕಿಗೆ ಎಂತ ರಿಯಾಯಿತಿ?"

"ಉಳಿದದ್ದೆಲ್ಲ ನೀವು ಹೇಳಿದ ಹಾಗೆ ಮಾಡಿದ್ದೇನೆ ಸಾರ್. ಇದೊಂದು ಇರಲಿ."

"ನಿಯಮ ಅಂದರೆ ನಿಯಮ. ಬೇಕಾದರೆ ಯೋಚನೆ ಮಾಡಿ ಬನ್ನಿ. ಪರವಾನಗಿ ಇಲ್ಲೇ ಇರ್ತದೆ."

ಇಬ್ಬರೂ ಹೊರಗೆ ಬಂದೆವು. ನನಗೆ ಆ ಅಂಗಡಿಗೆ ಕಲ್ಲು ಹೊಡೆಯುವಷ್ಟು ಕೋಪ ಬಂತು. ಹೊಡೆಯಲಿಲ್ಲ, ಆಗ ನಾನು ಸಂಬಳಕ್ಕೆ ದುಡಿಯುತ್ತಿದ್ದ ಹೆಂಗಸು. ಈಗಾದರೆ ಹೇಳಲಾರೆ.

ಆ ಶನಿವಾರ ಕಾರ್ಕಳದಲ್ಲಿ ಮಾಸ್ಟ್ರ ತಾಳಮದ್ದಳೆ ಇತ್ತು. ಅಲ್ಲಿ ನನ್ನ ಚಿಕ್ಕಮ್ಮನ ಮನೆ, ಅವರ ಜೊತೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಹಿಂದಿನ ವರ್ಷ ಉಡುಪಿಯಲ್ಲಿ ಇದೇ ಪ್ರಸಂಗದಲ್ಲಿ ಅವರು ಸಂಧಾನಕ್ಕೆ ಬಂದ ದೂತ. ಐದೇ ಐದು ಊರು ಕೊಡು, ಭೂಮಿ ಯಾರೊಬ್ಬರದೂ ಅಲ್ಲ ಎಂದು ಸಭೆ ಕರಗುವ ಹಾಗೆ ಕೇಳಿಕೊಂಡಿದ್ದರು. ಈ ಸಲ ಅವರು ಸೂಜಿಮೊನೆಯಷ್ಟು ನೆಲವನ್ನೂ ಕೊಡದ ರಾಜ. ಆಳುವವನಿಲ್ಲದ ನೆಲ ಕಾಡು, ಹಂಚಿದ ಅಧಿಕಾರ ಅಧಿಕಾರವೇ ಅಲ್ಲ ಎಂದು ಅದೇ ಕಂಠದಲ್ಲಿ, ಅದೇ ಕೈ ಎದೆಯ ಮೇಲಿಟ್ಟು ವಾದಿಸಿದರು. ದೂತ ಸೋತ. ಜನ ಅದಕ್ಕೂ ಚಪ್ಪಾಳೆ ಹೊಡೆದರು. ನನ್ನ ಚಿಕ್ಕಮ್ಮ "ಎಂಥ ಮಾತು ಮಾರಾಯ್ತಿ!" ಎಂದು ನನ್ನ ತೊಡೆಗೆ ಹೊಡೆದರು.

ನನಗೆ ಆಗ ಎಲ್ಲವೂ ತಿಳಿಯಿತು. ಅವರು ನಮಗೆ ಸುಳ್ಳು ಹೇಳಿರಲಿಲ್ಲ. ಬರೆಯುವವರು ಬೇಕಾಗಿದ್ದಾಗ ದೂತನ ಅರ್ಥ ಹೇಳಿದರು. ಬರೆಯುವವರು ಸಿಕ್ಕಿದ ಮೇಲೆ ರಾಜನ ಅರ್ಥ ಹೇಳಿದರು. ಎರಡನ್ನೂ ಮನಸಾರೆ ಹೇಳಿದರು. ಒಳ್ಳೆಯ ಅರ್ಥಧಾರಿ ಯಾವ ಪಾತ್ರ ಕೊಟ್ಟರೂ ಗೆಲ್ಲಬೇಕು ಎಂದು ನಮ್ಮೂರಿನಲ್ಲಿ ನಾವೇ ಕಲಿಸಿದ್ದು. ರಂಗದಲ್ಲಿ ಅದು ದೊಡ್ಡ ಕಲೆ, ನಾನು ಇವತ್ತಿಗೂ ತಾಳಮದ್ದಳೆ ಬಿಡುವುದಿಲ್ಲ. ಅಂಗಡಿಯಲ್ಲಿ ಅದು ಕಳ್ಳತನ. ಇಂಥವರ ಜೊತೆ ವಾದ ಮಾಡಿ ಗೆಲ್ಲಬಹುದು ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು.

ಸೋಮವಾರ ಗೆಳತಿ, "ಅಕ್ಕ, ಆ ಸಾಲನ್ನೂ ತೆಗೆದು ಕೊಡುವ ಅಂತ ಕಾಣ್ತದೆ," ಎಂದಳು. ಅವಳಿಗೆ ಸಾಕಾಗಿತ್ತು.

"ಅದು ನಿನ್ನ ಅಜ್ಜಿ. ಮಾಸ್ಟ್ರ ಮೊಹರಿಗೆ ಬೇಕಾಗಿ ಸಾಯಿಸ್ತೀಯಾ?"

"ಹಾಗಾದರೆ ಅಜ್ಜಿಯ ಹತ್ತಿರವೇ ಕೇಳುವ."

ಭಾನುವಾರ ಮಧ್ಯಾಹ್ನ ಕಾಪುವಿಗೆ ಹೋದೆ. ಅಜ್ಜಿ ಒಳಗಿನ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಕಿವಿಯ ಅಂಚಿಗೆ ಸಾಲಾಗಿ ಅಲಿಕತ್ತಿನ ಓಲೆ, ತಲೆಗೆ ಬಿಳಿ ಬಟ್ಟೆ, ಬಾಯಲ್ಲಿ ಎಲೆಯಡಿಕೆ. ಮನೆಯೊಳಗೆ ಅವರದ್ದು ಬ್ಯಾರಿ ಮಾತು, ನನ್ನ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದರು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ನೈಪತ್ತಿರಿಯನ್ನೂ ಮೀನುಸಾರನ್ನೂ ನನಗೆ ಬೇಕಾದ್ದಕ್ಕಿಂತ ಹೆಚ್ಚು ತಿನ್ನಿಸಿದ ಮೇಲೆ ಕೇಳಿದರು: "ನನ್ನ ಕಥೆ ಆಡ್ತೀರಂತಲ್ಲ? ಆಡಿ ನೋಡುವ."

ಮಂಜೊಟ್ಟಿಯ ಬಟ್ಟಲು ನಡುವೆ ಇಟ್ಟೆವು. ಗೆಳತಿ ಭಾಗವತ. ಅವಳ ಉಮ್ಮ, ಅತ್ತಿಗೆ ಮತ್ತು ನಾನು ಆಡುವವರು. ಉಮ್ಮ ದೋಣಿ ನೀರಿಗೆ ಇಳಿಸಿದರು, ಮುಷ್ಟಿ ತೆಗೆದರು, ಗೆದ್ದರು. ನಾನು ಹಗ್ಗ ಎಸೆದೆ, ಒಂದು ಕಾಳು ಮಿಕ್ಕಿತು, ಹಗ್ಗ ಕಡಲಿಗೆ ಹೋಯಿತು. ಅತ್ತಿಗೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಅಜ್ಜಿ ಎಲ್ಲರ ಕೈಯನ್ನೂ ನೋಡುತ್ತಿದ್ದರು. ಗೆಳತಿ ಮುದುಕಿಯ ಭಾಗಕ್ಕೆ ಬಂದು, ಅಲೆ ಮುದುಕಿಯ ಸೊಂಟದವರೆಗೆ ಬಂತು, ಆದರೂ ಅವಳಿಗೆ ಏನೂ ಆಗಲಿಲ್ಲ ಎಂದು ಓದಿದಳು.

"ನನ್ನ ಮುಷ್ಟಿ?" ಎಂದರು ಅಜ್ಜಿ.

"ನಿಮಗೆ ಮುಷ್ಟಿ ಇಲ್ಲ ಅಜ್ಜಿ. ನಿಮಗೆ ಸಾವಿಲ್ಲ. ನಾನು ಹಾಗೆ ಬರೆದಿದ್ದೇನೆ."

"ಯಾಕೆ ಹಾಗೆ ಬರೆದೆ?"

ನಾನು ನಡುವೆ ಬಾಯಿ ಹಾಕಿ ಹೇಳಿದೆ: ಅಜ್ಜಿ, ಉಡುಪಿಯಲ್ಲಿ ಒಬ್ಬರು ನಿಮಗೂ ದಾಳ ಇರಬೇಕು, ನೀವೂ ಸಾಯಬೇಕು ಎನ್ನುತ್ತಾರೆ, ನಾವು ಬಿಡುವುದಿಲ್ಲ ಎಂದು ಜಗಳ ಮಾಡುತ್ತಿದ್ದೇವೆ.

ಅಜ್ಜಿ ಎಲೆಯಡಿಕೆಯನ್ನು ಕೆನ್ನೆಯ ಒಂದು ಬದಿಗೆ ಸರಿಸಿದರು.

"ಅವನೂ ನನ್ನ ಹತ್ತಿರ ಕೇಳಲಿಲ್ಲ. ನೀವೂ ಕೇಳಲಿಲ್ಲ. ಎಲ್ಲರಿಗೂ ಒಂದೊಂದು ಮುಷ್ಟಿ ಉಂಟು. ನನ್ನನ್ನು ಮಾತ್ರ ಕಂಬದ ಹಾಗೆ ನಿಲ್ಲಿಸಿದ್ದೀರಿ. ಊರಿನವರು ಬಂದು ಕೂತುಕೋ ಅಂದಾಗ ನಾನು ಕೂರಲಿಲ್ಲ. ಅದು ನನ್ನ ಇಷ್ಟ. ನಿಂತದ್ದು ನಾನು ಮಗಳೇ. ಯಾರೂ ನಿಲ್ಲಿಸಿದ್ದಲ್ಲ."

ಅಜ್ಜಿ ಮುಂದಕ್ಕೆ ಬಾಗಿ ಬಟ್ಟಲಿಗೆ ಕೈ ಹಾಕಿದರು. ಮುಷ್ಟಿ ತುಂಬ ಕೆಂಪು ಕಾಳು ತೆಗೆದು ಚಾಪೆಯ ಮೇಲೆ ಸುರಿದರು. ಎರಡೆರಡಾಗಿ ಸರಿಸತೊಡಗಿದರು, ನಿಧಾನಕ್ಕೆ, ಗಂಟುಬಿದ್ದ ಬೆರಳುಗಳಿಂದ. ಗೆಳತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನನಗೆ ಆಟ ಎಂಬುದು ಮರೆತುಹೋಗಿ, ದೇವರೇ ಒಂದು ಮಿಕ್ಕದಿರಲಿ ಎಂದು ಬೇಡಿಕೊಂಡೆ.

ಸರಿಯಾಗಿ ಮುಗಿಯಿತು.

"ಹಾಂ," ಎಂದರು ಅಜ್ಜಿ. "ಹಾಗಾದರೆ ಇನ್ನೂ ಸ್ವಲ್ಪ ನಿಲ್ತೇನೆ. ಮುಂದೆ ಓದು."

ಗೆಳತಿ ಮರುದಿನ ಮೇಣದ ಹಾಳೆಯ ಮೇಲೆ ಹೊಸದಾಗಿ ಟೈಪ್ ಮಾಡಿದಳು. ದೀಪಸ್ತಂಭ ಬಂತು, ಮಂಜೊಟ್ಟಿ ಬಂತು. ಮಾಸ್ಟ್ರ ಆಟದ ಹೆಸರು ಎಲ್ಲಿಯೂ ಇರಲಿಲ್ಲ. ಕೊನೆಯ ಪುಟದಲ್ಲಿ ಹೀಗಿತ್ತು: "ಮುದುಕಿಯ ಮುಷ್ಟಿಯನ್ನು ಮುದುಕಿಯೇ ತೆಗೆಯಬೇಕು. ಅವಳ ಪರವಾಗಿ ಬೇರೆ ಯಾರೂ ತೆಗೆಯಬಾರದು." ಕರಾರುಪತ್ರವನ್ನು ರುಜು ಹಾಕದೆ ಅವಳೇ ಕೊಂಡುಹೋಗಿ ಮಾಸ್ಟ್ರ ಮೇಜಿನ ಮೇಲೆ ಇಟ್ಟು ಬಂದಳು. ಅಂಗಡಿಗಳ ಹಲಗೆ ನಮಗೆ ಸಿಗಲಿಲ್ಲ. ಪರಿಚಯದವರಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ಟೈಪಿಂಗ್ ಕಲಿಯಲು ಬರುವವರಿಗೆ ಕೈಯಿಂದ ಕೈಗೆ ಕೊಟ್ಟೆವು. ಕಾಪುವಿನಲ್ಲಿ ಜನ ಬಸ್ಸಿಗೆ ಕಾಯುವಾಗ ಅದು ಕಾಣಲಿಲ್ಲ. ಅವಳ ಆಸೆ ಹಾಗೇ ಉಳಿಯಿತು, ಅದನ್ನು ನಾನು ಮಾಸ್ಟ್ರಿಗೆ ಕ್ಷಮಿಸಿಲ್ಲ.

ಮಾಸ್ಟ್ರು ಹೇಳಿದ್ದೂ ಅದನ್ನೇ ಅಲ್ಲವೇ, ಮುದುಕಿಗೂ ದಾಳ ಇರಬೇಕು ಅಂತ, ಎಂದು ನನ್ನ ಗಂಡ ಆಮೇಲೆ ಒಮ್ಮೆ ಕೇಳಿದರು. ಆ ದಿನ ಮನೆಯಲ್ಲಿ ಅಡುಗೆ ಆಗಲಿಲ್ಲ. ಅಜ್ಜಿ ಕೇಳಿದ್ದು ತನ್ನ ಕೈಗೆ ಕಾಳು. ಮಾಸ್ಟ್ರು ಕೇಳಿದ್ದು ತನ್ನ ಕೈಗೆ ಅಜ್ಜಿ.

ಇದಕ್ಕೆ ಸಾಕ್ಷಿ ಮಾಸ್ಟ್ರೇ ಒದಗಿಸಿದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಜ್ಜಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು, ಗೆಳತಿ ಮದುವೆಯಾಗಿ ಗಂಡನ ಜೊತೆ ಬಹರೈನಿಗೆ ಹೋಗಿದ್ದಳು. ನಾನು ಕಟಪಾಡಿಯ ಆ ಫ್ಯಾನ್ಸಿ ಅಂಗಡಿಗೆ ರಿಬ್ಬನ್ ತೆಗೆದುಕೊಳ್ಳಲು ಹೋದಾಗ, ಹಲಗೆಯ ಮೇಲೆ ಮಾಸ್ಟ್ರ ಹೊಸ ಕಥಾಪುಸ್ತಕ ಸಾಲಾಗಿ ಕುಳಿತಿತ್ತು. ಬಣ್ಣದ ಮುಖಪುಟ. ದೀಪಸ್ತಂಭ, ಬಿರುಗಾಳಿ, ಲಾಟೀನು ಹಿಡಿದ ಮುದುಕಿ. ಮೇಲೆ ಮಾಸ್ಟ್ರ ಹೆಸರು, ಕೆಳಗೆ ಮಾಸ್ಟ್ರ ಮೊಹರು. ಗೆಳತಿಯ ಹೆಸರು ಎಲ್ಲಿಯೂ ಇರಲಿಲ್ಲ. ನಾನು ನಿಂತಲ್ಲೇ ಕೊನೆಯ ಪುಟ ತೆರೆದೆ. ನಮ್ಮ ಸಾಲನ್ನೂ ತೆಗೆದುಕೊಂಡಿದ್ದರು, ಒಂದೇ ಒಂದು ತಿದ್ದುಪಡಿಯೊಂದಿಗೆ: "ಮುದುಕಿಯ ದಾಳವನ್ನು ಅವಳ ಪರವಾಗಿ ಭಾಗವತನೇ ಹಾಕತಕ್ಕದ್ದು."

ಕೈಚೀಲದಿಂದ ಪೆನ್ನು ತೆಗೆದೆ. ಮೊದಲನೆಯ ಪ್ರತಿಯಲ್ಲಿ "ಅವಳ ಪರವಾಗಿ ಭಾಗವತನೇ" ಎಂಬುದನ್ನು ಹೊಡೆದು ಹಾಕಿ, ಮೇಲೆ "ಮುದುಕಿಯೇ" ಎಂದು ಬರೆದೆ. ಎರಡನೆಯದರಲ್ಲೂ ಬರೆದೆ. ಅಂಗಡಿಯವರು ಗಿರಾಕಿಗೆ ಬಳೆ ತೋರಿಸುತ್ತಿದ್ದರು, ತಿರುಗಿ ನೋಡುವಷ್ಟರಲ್ಲಿ ನಾನು ಹಲಗೆಯ ಕೊನೆಗೆ ಬಂದಿದ್ದೆ.

"ಅಯ್ಯೋ, ಎಂತ ಮಾಡ್ತಾ ಇದ್ದೀರಿ ಅಕ್ಕ? ಅದು ಮಾಸ್ಟ್ರ ಮಾಲು!"

"ಮಾಸ್ಟ್ರದ್ದು ಹಾಗೇ ಉಂಟು, ನಾನು ಮುಟ್ಟಲಿಲ್ಲ," ಎಂದೆ. "ಅಜ್ಜಿಯದ್ದು ಅಜ್ಜಿಗೆ ವಾಪಸ್ ಕೊಡ್ತಾ ಇದ್ದೇನೆ."

ಅವರು ಪುಸ್ತಕ ಕಿತ್ತುಕೊಳ್ಳಲು ಕೈ ಚಾಚಿದರು. ಇನ್ನೊಂದು ಪ್ರತಿ ಉಳಿದಿತ್ತು. ಅದನ್ನು ಎದೆಗೆ ಒತ್ತಿ ಹಿಡಿದು, ಅವರ ಕಣ್ಣೆದುರೇ, ಅದರಲ್ಲೂ ಬರೆದು ಮುಗಿಸಿದೆ.